ಸೀರಂ ತಿಳಿಯಾಗಿಯೇ ಇತ್ತು

ನಮ್ಮ ಲ್ಯಾಬು ತುಮಕೂರಿನ ಬಿ.ಎಚ್. ರಸ್ತೆಯಿಂದ ಎರಡು ತಿರುವು ಒಳಗೆ, ಒಂದು ಮೆಡಿಕಲ್ ಸ್ಟೋರಿನ ಮಹಡಿ ಮೇಲಿದೆ. ಬೆಳಗ್ಗೆ ಆರೂವರೆಗೆ ನಾನು ಷಟರ್ ಎತ್ತುವ ಹೊತ್ತಿಗೆ ಖಾಲಿ ಹೊಟ್ಟೆಯ ನಾಲ್ಕೈದು ಜನ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಒಂಬತ್ತರ ಮೇಲೆ ಬರುವವರ ಹೊಟ್ಟೆಯನ್ನು ಮಾತ್ರ ನಂಬುವ ಹಾಗಿಲ್ಲ. ಕ್ಯಾತ್ಸಂದ್ರದಲ್ಲಿ ಬಸ್ಸಿಳಿದು, ಬೆಣ್ಣೆ ಹಾಕಿಸಿಕೊಂಡು ಎರಡು ತಟ್ಟೆ ಇಡ್ಲಿ ಮುಗಿಸಿ, "ನೀರು ಸೈತ ಕುಡ್ದಿಲ್ಲ ಮೇಡಂ" ಎಂದು ಕೈ ಚಾಚುತ್ತಾರೆ. ಸುಳ್ಳು ಸ್ವಲ್ಪ ಹೊತ್ತಿಗೆ ತಾನಾಗಿ ಹೊರಬೀಳುತ್ತದೆ. ರಕ್ತ ಹೆಪ್ಪುಗಟ್ಟಲು ಬಿಟ್ಟು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಕೆಂಪು ಕೆಳಗಿಳಿದು ಮೇಲೆ ಸೀರಂ ನಿಲ್ಲುತ್ತದಲ್ಲ, ಅದು ಕೆಲವರದು ನೀರು ಮಜ್ಜಿಗೆಯ ಹಾಗೆ ಮಬ್ಬಾಗಿರುತ್ತದೆ. ಒಂದೊಂದು ಸಲ ಥೇಟ್ ಹಾಲು. ಸೆಂಟ್ರಿಫ್ಯೂಜ್ ನಿಂತ ಕೂಡಲೇ ಟ್ಯೂಬನ್ನು ಲೈಟಿಗೆ ಹಿಡಿದು ನೋಡುವುದು ನನ್ನ ಕೈಗೆ ಅಂಟಿದ ಚಾಳಿ. ಮಬ್ಬಾಗಿದ್ದರೆ "ಇವರಿಗೆ ಕಾದಿದೆ" ಅಂದುಕೊಳ್ಳುತ್ತಿದ್ದೆ. ತಿಳಿಯಾಗಿದ್ದರೆ "ಪುಣ್ಯವಂತರು". ಹತ್ತೊಂಬತ್ತು ವರ್ಷ ಹೀಗೆ ಟ್ಯೂಬ್ ನೋಡಿ ಜನರ ಭವಿಷ್ಯ ಹೇಳಿದ್ದೇನೆ, ಮನಸ್ಸಿನಲ್ಲೇ.

ನನ್ನ ಸರದಿ ಬಂದದ್ದು 2023ರ ಸಂಕ್ರಾಂತಿ ಕಳೆದ ವಾರ. ಕೊಲೆಸ್ಟ್ರಾಲ್ ಕಿಟ್ಟಿನ ಹೊಸ ಲಾಟ್ ಬಂದಿತ್ತು. ಹೊಸ ಲಾಟ್ ಒಡೆದಾಗ ಮೊದಲು ಕಂಟ್ರೋಲ್, ಅಂದರೆ ಅಂಕಿ ಮೊದಲೇ ಗೊತ್ತಿರುವ ಸ್ಯಾಂಪಲ್, ಓಡಿಸಬೇಕು. ಜೊತೆಗೆ ನಮ್ಮವರದೇ ಒಂದು ಸ್ಯಾಂಪಲ್ ಹಾಕಿ ನೋಡುವುದು ನಮ್ಮಲ್ಲಿನ ರೂಢಿ. "ಇವತ್ತು ಅಕ್ಕಂದು" ಎಂದು ಜೊತೆಯ ಹುಡುಗಿ ನನ್ನ ಕೈಗೇ ಪಟ್ಟಿ ಬಿಗಿದಳು. ಬೇರೆಯವರಿಗೆ ಚುಚ್ಚುವವರಿಗೆ ತಾವು ಚುಚ್ಚಿಸಿಕೊಳ್ಳುವುದೆಂದರೆ ಭಯ, ಆ ಕಡೆ ಮುಖ ತಿರುಗಿಸಿದ್ದೆ. ಸೀರಂ ಬಂತು. ತಿಳಿ ಹೊಂಬಣ್ಣ, ಆಚೆ ಗೋಡೆಯ ಕ್ಯಾಲೆಂಡರಿನ ತಾರೀಖು ಕಾಣುವಷ್ಟು ಶುದ್ಧ. "ಕನ್ನಡಿ ಇದ್ದಂಗಿದೆ ಅಕ್ಕ" ಅಂದಳು ಹುಡುಗಿ.

ಟೋಟಲ್ ಕೊಲೆಸ್ಟ್ರಾಲ್ 318 ಬಂತು.

ಲಾಟ್ ಕೆಟ್ಟಿದೆ ಅಂದುಕೊಂಡೆ. ಕಂಟ್ರೋಲ್ ಮತ್ತೆ ಓಡಿಸಿದರೆ ಸರಿಯಾಗಿ ಕೂತಿತು. ಪೈಪೆಟ್ ಬದಲಿಸಿ ನನ್ನದನ್ನು ಇನ್ನೊಮ್ಮೆ ಹಾಕಿದೆ, 314. ರಕ್ತದ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್ 120, ಜನ ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ 46, ಎರಡೂ ತಂಟೆಯಿಲ್ಲದವು. ಟೋಟಲ್‌ನಲ್ಲಿ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗ ಕಳೆದರೆ ಸಿಗುವುದು ಜನ ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್. ಈ ಲೆಕ್ಕವನ್ನು ದಿನಕ್ಕೆ ಇಪ್ಪತ್ತು ಸಲ ಮಾಡುವವಳು ಅವತ್ತು ಕ್ಯಾಲ್ಕುಲೇಟರ್ ಒತ್ತಿದೆ. 318ರಲ್ಲಿ 46 ಹೋಯಿತು, 24 ಹೋಯಿತು, ಉಳಿದದ್ದು 248. ನಾವೇ ರಿಪೋರ್ಟಿನ ಅಂಚಿನಲ್ಲಿ ಮುದ್ರಿಸುವ ಪಟ್ಟಿಯಲ್ಲಿ 100ರ ಒಳಗಿದ್ದರೆ ಚೆನ್ನ, 160 ದಾಟಿದರೆ ಹೆಚ್ಚು, 190 ದಾಟಿದರೆ ತೀರಾ ಹೆಚ್ಚು. 248ಕ್ಕೆ ಅಲ್ಲಿ ಬೇರೆ ಹೆಸರೇ ಇಲ್ಲ. ಸಾಯಂಕಾಲ ಇನ್ನೊಂದು ಟ್ಯೂಬ್ ತುಂಬಿ, ನಮ್ಮ ಸೋದರತ್ತೆಯ ಹೆಸರು ಬರೆದು, ಬೇರೊಂದು ಲ್ಯಾಬಿಗೆ ಕಳಿಸಿದೆ. ಯಾಕೆ ಆ ಕಳ್ಳತನ ಮಾಡಿದೆನೋ ಗೊತ್ತಿಲ್ಲ. ಅಲ್ಲಿಯೂ 309.

ನನ್ನ ತೂಕ 56 ಕೆಜಿ. ಭಾನುವಾರ ಅಮಾನಿಕೆರೆ ಸುತ್ತು ಹಾಕುತ್ತೇನೆ. ಮೊಟ್ಟೆ ಸೇರದ ಮನೆ ನಮ್ಮದು. ಮೇಲಾಗಿ ಸೀರಂ ಕನ್ನಡಿಯಂತಿತ್ತು!

ಆ ಕನ್ನಡಿಯ ಮರ್ಮ ಆಮೇಲೆ ಬಿಡಿಸಿಕೊಂಡೆ. ಸೀರಂ ಹಾಲಾಗುವುದು ಟ್ರೈಗ್ಲಿಸರೈಡ್ ತುಂಬಿದ ದೊಡ್ಡ ಕಣಗಳಿಂದ. ಅವು ಬೆಳಕನ್ನು ಚದುರಿಸುವಷ್ಟು ದಪ್ಪ. ಎಲ್‌ಡಿಎಲ್ ಕಣ ಹಾಗಲ್ಲ. ಒಂದು ಮಿಲಿಮೀಟರಿನಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಕಣ ಸಾಲಾಗಿ ನಿಲ್ಲಬಹುದು, ಅಷ್ಟು ಸಣ್ಣದು. ಬೆಳಕು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ದಾಟಿ ಹೋಗುತ್ತದೆ. ಎಲ್‌ಡಿಎಲ್ ಎಷ್ಟೇ ಏರಿದರೂ, ಬರಿ ಅದೊಂದೇ ಏರಿದ್ದರೆ, ಸೀರಂ ತಿಳಿಯಾಗಿಯೇ ಇರುತ್ತದೆ. ಇದು ನನ್ನ ಓದಿನ ಪುಸ್ತಕದಲ್ಲಿಯೂ ಇತ್ತು. ಪರೀಕ್ಷೆಗೆ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲಿನ ವಾರಗಳಲ್ಲಿ ಈ ಮೆಟ್ಟಿಲ ಮೇಲೆ ನಿಲ್ಲಲು ಜಾಗ ಇರಲಿಲ್ಲ. ಜಿಮ್ಮಿಗೆ ಹೋಗುವ ಹುಡುಗರು, ಹೊಸದಾಗಿ ಮದುವೆಯಾದವರು, ಗಂಡನ ಕೈ ಹಿಡಿದು ಎಳೆದು ತಂದ ಹೆಂಗಸರು, ಎಲ್ಲರ ಬಾಯಲ್ಲೂ "ಹಾರ್ಟಿಂದು ಎಲ್ಲಾ ಟೆಸ್ಟ್ ಮಾಡಿ". ಅವರ ಸಾವಿನ ಕಾರಣಕ್ಕೂ ನನ್ನ ಕಥೆಗೂ ಗಂಟು ಹಾಕುತ್ತಿಲ್ಲ. ಅಷ್ಟು ಜನರ ರಕ್ತ ತೆಗೆದವಳಿಗೆ ತನ್ನದೊಂದು ಟ್ಯೂಬ್ ತುಂಬೋಣ ಅನ್ನಿಸಲಿಲ್ಲ, ಅದನ್ನು ಹೇಳುತ್ತಿದ್ದೇನೆ. ನನ್ನ ಅಪ್ಪ ಹೋದದ್ದು 44ಕ್ಕೆ ಎನ್ನುವುದು ಆಗಲೂ ನನಗೆ ಗೊತ್ತಿತ್ತು.

ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ, ತೆಂಗಿನ ತೋಟದ ಮನೆ. 1994ರ ಬೇಸಿಗೆಯಲ್ಲಿ ಕರೆಂಟು ಬಂತೆಂದು ರಾತ್ರಿ ಎದ್ದು ಮೋಟ್ರು ಆನ್ ಮಾಡಲು ಹೋದ ಅಪ್ಪ ಬೆಳಕು ಹರಿದರೂ ಬರಲಿಲ್ಲ. ಮೋಟ್ರು ಮನೆಯ ಕಟ್ಟೆಗೆ ಒರಗಿ ಕೂತ ಹಾಗೆ ಇದ್ದರಂತೆ. ನೀರು ಪಾತಿಯಿಂದ ಪಾತಿಗೆ ತುಂಬಿ ಪಕ್ಕದವರ ತೋಟಕ್ಕೂ ಹರಿದಿತ್ತು. ಅದಕ್ಕೆ ಮೊದಲು ತಿಂಗಳೊಪ್ಪತ್ತಿನಿಂದ ಏರು ಹತ್ತುವಾಗ ಎದೆ ಹಿಡಿದುಕೊಳ್ಳುತ್ತದೆ ಅನ್ನುತ್ತಿದ್ದರು. ಗ್ಯಾಸು ಎಂದು ಯಾರೋ ಡಾಕ್ಟರು ಮಾತ್ರೆ ಕೊಟ್ಟಿದ್ದರು. ಜೀರಿಗೆ ಕಷಾಯವೂ ಆಯಿತು. ಆಗ ಅಣ್ಣನಿಗೆ 19, ನನಗೆ 14.

ರಿಪೋರ್ಟ್ ಹಿಡಿದು ಹೋದದ್ದು ನಾನು ದಿನವೂ ರಿಪೋರ್ಟ್ ಕಳಿಸುವ ಫಿಸಿಷಿಯನ್ ಒಬ್ಬರ ಹತ್ತಿರ. ಥೈರಾಯಿಡ್ ಕಡಿಮೆಯಾದರೂ ಎಲ್‌ಡಿಎಲ್ ಏರುತ್ತದೆ, ಅದನ್ನು ಮೊದಲೇ ನೋಡಿಕೊಂಡಿದ್ದೆ. ಟಿಎಸ್‌ಎಚ್ ಸರಿಯಿತ್ತು. ಶುಗರೂ ಸರಿ, ಮೂತ್ರದಲ್ಲಿ ಪ್ರೋಟೀನೂ ಇಲ್ಲ. ಅವರು ಕಾಗದವನ್ನೆಲ್ಲ ಒಮ್ಮೆ ನೋಡಿ ಬದಿಗಿಟ್ಟು, "ಪಾದ ತೋರಿಸಿ" ಅಂದರು. ಹಿಮ್ಮಡಿಯ ಮೇಲಿನ ದಪ್ಪ ನರ ಇದೆಯಲ್ಲ, ನಾವು ನರ ಅನ್ನುತ್ತೇವೆ, ನಿಜದಲ್ಲಿ ಅದು ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಸ್ನಾಯುರಜ್ಜು, ಅದನ್ನು ಎರಡು ಬೆರಳಲ್ಲಿ ಹಿಡಿದು ಮೇಲಿಂದ ಕೆಳಗೆ ಸವರಿದರು. ಎರಡೂ ಕಾಲಲ್ಲಿ ಹೆಬ್ಬೆರಳು ದಪ್ಪ, ಗಂಟುಗಂಟು.

"ಇದು ಎಷ್ಟು ದಿನದಿಂದ ಇದೆ?"

"ಚಪ್ಪಲಿ ಉಜ್ಜಿ ಆಗಿರೋದು ಸರ್, ಬಹಳ ವರ್ಷದಿಂದ ಇದೆ."

"ಚಪ್ಪಲಿ ಅಲ್ಲಮ್ಮ. ಕೊಲೆಸ್ಟ್ರಾಲ್ ಇಲ್ಲಿ ಕೂತಿದೆ." ಆಮೇಲೆ ಕೇಳಿದರು, "ನಿಮ್ಮ ತಂದೆಯವರ ಕಣ್ಣು ಹೇಗಿತ್ತು?"

ನನಗೆ ಮೈ ಜುಮ್ಮೆಂದಿತು. ಅಪ್ಪನ ಕರಿಗುಡ್ಡೆಯ ಸುತ್ತ ಬೂದು ಬಣ್ಣದ ಒಂದು ಬಳೆ ಇತ್ತು. ಊರಲ್ಲಿ ಅವರಿಗೆ 'ಬಳೆಗಣ್ಣ' ಎಂದು ಅಡ್ಡಹೆಸರೇ ಇತ್ತು. ಮುದುಕರಲ್ಲಿ ಆ ಬಳೆ ಸಾಮಾನ್ಯ, ನಲವತ್ತರೊಳಗೆ ಬಂದರೆ ಎಚ್ಚರ ವಹಿಸಬೇಕು ಅಂದರು ಡಾಕ್ಟರು. ವಂಶಪಾರಂಪರ್ಯವಾಗಿ ಬರುವ ಅಧಿಕ ಕೊಲೆಸ್ಟ್ರಾಲ್ ಇದು, ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದೆ. ರಕ್ತದಲ್ಲಿ ತಿರುಗುವ ಎಲ್‌ಡಿಎಲ್ ಅನ್ನು ಹಿಡಿದು ಒಳಗೆಳೆದುಕೊಳ್ಳಲು ಲಿವರಿನ ಕೋಶಗಳ ಮೇಲೆ ರಿಸೆಪ್ಟರ್‌ಗಳಿರುತ್ತವೆ. ಅವನ್ನು ಕಂಡುಹಿಡಿದದ್ದಕ್ಕೇ ಅಮೆರಿಕದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂದದ್ದು. ಅಪ್ಪ ಅಮ್ಮ ಇಬ್ಬರಿಂದ ಬರಬೇಕಾದ ಎರಡು ಜೀನ್‌ಗಳಲ್ಲಿ ಒಂದು ಕೆಟ್ಟಿದ್ದರೆ ಕೆಲಸಕ್ಕೆ ಬರುವ ರಿಸೆಪ್ಟರ್ ಅರ್ಧಕ್ಕರ್ಧ. ಎಳೆದುಕೊಳ್ಳುವವರು ಕಡಿಮೆ, ರಕ್ತದಲ್ಲಿ ಉಳಿಯುವುದು ಹೆಚ್ಚು. ಹುಟ್ಟಿದ ದಿನದಿಂದಲೇ.

"ನಿಮ್ಮ ಸಮಸ್ಯೆ ಅಸಲಿಂದಲ್ಲ, ಬಡ್ಡೀದು" ಅಂದರು. "ಬೇರೆಯವರಿಗೆ ನಲವತ್ತಕ್ಕೆ ಏರಿದ್ದು ನಿಮಗೆ ತೊಟ್ಟಿಲಲ್ಲೇ ಏರಿದೆ. 43 ವರ್ಷದ ಬಡ್ಡಿ ರಕ್ತದಲ್ಲಿಲ್ಲ, ಗೋಡೆಯಲ್ಲಿದೆ."

ಆ ಗೋಡೆ ಎನ್ನುವ ಮಾತು ತಲೆಯಲ್ಲಿ ಕೂತುಬಿಟ್ಟಿತು. ನಾನು ಇಷ್ಟು ವರ್ಷ ಅಳೆದದ್ದೆಲ್ಲ ಹರಿಯುವುದನ್ನು. ಹರಿಯುವುದು ಯಾವುದರೊಳಗೆ ಎಂದು ನೋಡಿದ್ದು ಓದುವ ಕಾಲದಲ್ಲಿ, ಅದೂ ಅರೆಮನಸ್ಸಿನಲ್ಲಿ. ಡಿಎಂಎಲ್‌ಟಿ ಎಂಬ ಲ್ಯಾಬ್ ಡಿಪ್ಲೊಮಾದಲ್ಲಿ ಜೊತೆಗಿದ್ದ ಗೆಳತಿ ಈಗ ಒಂದು ಮೆಡಿಕಲ್ ಕಾಲೇಜಿನಲ್ಲಿ ಅಂಗಾಂಶದ ಸ್ಲೈಡ್ ಮಾಡುವ ವಿಭಾಗದಲ್ಲಿದ್ದಾಳೆ. ಫೋನ್ ಮಾಡಿ "ರಕ್ತನಾಳದ ಗೋಡೆ ನೋಡಬೇಕು ಕಣೇ" ಅಂದೆ. "ಬುಧವಾರ ಮಧ್ಯಾಹ್ನ ಬಾ, ಊಟ ಮಾಡ್ಕೊಂಡ್ ಬಾ, ಇಲ್ಲಿ ಫಾರ್ಮಲಿನ್ ವಾಸನೇಲಿ ನಿಂಗೆ ಸೇರಲ್ಲ" ಅಂದಳು.

ಮೊದಲು ಆರೋಗ್ಯವಾಗಿರುವ ಮಹಾಪಧಮನಿಯ ಸ್ಲೈಡ್ ಹಾಕಿದಳು. ಮಧ್ಯದಲ್ಲಿ ನಾರು, ಸ್ನಾಯು ಪದರ ಪದರವಾಗಿ ದಪ್ಪಗೆ. ರಕ್ತಕ್ಕೆ ತಾಗುವ ಅಂಚಿನಲ್ಲಿ ಮಾತ್ರ ಒಂದೇ ಒಂದು ಸಾಲು ಚಪ್ಪಟೆ ಕೋಶ. ಒಳಪೊರೆ ಎನ್ನುವುದು ಅಷ್ಟೇ, ಒಂದು ಕೋಶದ ದಪ್ಪ. ಎಲ್ಲ ರಕ್ತವೂ ಆ ಒಂದು ಸಾಲಿನ ಮೇಲೆ ಹರಿಯಬೇಕು.

ಆಮೇಲೆ ಇನ್ನೊಂದು. ಬೋಧನೆಗೆಂದು ಇಟ್ಟ ಹಳೆಯ ಸ್ಲೈಡು. ಅಪಘಾತ, ವಯಸ್ಸು 24, ಇಷ್ಟೇ ಚೀಟಿಯಲ್ಲಿದ್ದದ್ದು. ಹೃದಯದ ಕಾಯಿಲೆಯಿಂದ ಹೋದವನಲ್ಲ. ನಾನು ನೋಡಲು ಕಾದಿದ್ದದ್ದು ನಲ್ಲಿ ಪೈಪಿನ ಒಳಗೆ ಬಿಳಿ ಉಪ್ಪು ಕಟ್ಟಿದ ಹಾಗೆ ಒಳಮೈಗೆ ಮೆತ್ತಿಕೊಂಡ ಕೊಬ್ಬನ್ನು. ನಮ್ಮ ಲ್ಯಾಬಿನ ಗೋಡೆಯ ಮೇಲೂ ಅಂಥದೇ ಚಿತ್ರದ ಪೋಸ್ಟರ್ ಇದೆ. ಸ್ಲೈಡಿನಲ್ಲಿ ಹಾಗೆ ಏನೂ ಇರಲಿಲ್ಲ. ಒಳಪೊರೆ ಹರಿದಿರಲಿಲ್ಲ, ಅದರ ಮೇಲೆ ಏನೂ ಅಂಟಿರಲಿಲ್ಲ. ಪೊರೆಯ ಅಡಿಯಲ್ಲಿ, ಗೋಡೆಯ ಒಳಗೆ, ನೊರೆ ಇತ್ತು. ಉಬ್ಬಿದ ದುಂಡು ಕೋಶಗಳು ಗುಂಪುಗುಂಪಾಗಿ, ಒಂದೊಂದರ ಒಡಲೂ ಸೋಪಿನ ನೊರೆಯ ಹಾಗೆ ತೂತುತೂತು.

"ಈ ನೊರೆಕೋಶ ಯಾರು ಅಂತ ಗೊತ್ತಾಯ್ತಾ?" ಎಂದು ಗೆಳತಿ ಕೇಳಿದಳು. "ದಿನಾ ಎಣಿಸ್ತೀಯ ನೀನು."

ಮಾನೊಸೈಟ್. ರಕ್ತದ ಲೇಪವನ್ನು ಲೀಷ್‌ಮನ್ ಬಣ್ಣದಲ್ಲಿ ಅದ್ದಿ, ನೂರು ಬಿಳಿ ಕೋಶ ಎಣಿಸಿ, ಇದಿಷ್ಟು ಅದಿಷ್ಟು ಎಂದು ಬರೆಯುತ್ತೇವಲ್ಲ, ಅದರಲ್ಲಿ ನಾಲ್ಕೋ ಐದೋ ಸಿಗುವ, ಅಲಸಂದೆ ಕಾಳಿನ ಹಾಗೆ ಬಾಗಿದ ನ್ಯೂಕ್ಲಿಯಸ್ಸಿನ ದೊಡ್ಡ ಕೋಶ. ಎರಡರಿಂದ ಎಂಟರೊಳಗೆ ಇದ್ದರೆ ಮುಂದೆ ಹೋಗು, ಯಾರೂ ಅದರ ಬಗ್ಗೆ ಕೇಳುವುದಿಲ್ಲ. ರಕ್ತದಲ್ಲಿ ಸುತ್ತುವಾಗ ಅದು ಸಾಧು. ಕೊಳೆ, ಕ್ರಿಮಿ ಇದ್ದ ಕಡೆ ನುಗ್ಗಿ, ಅಲ್ಲಿ ಮ್ಯಾಕ್ರೋಫೇಜ್ ಆಗಿ ಬದಲಾಗಿ ಎಲ್ಲವನ್ನೂ ನುಂಗುವುದು ಅದರ ಕಸುಬು. ರಕ್ತನಾಳದ ಗೋಡೆಯೊಳಗೆ ಅದಕ್ಕೇನು ಕೆಲಸ?

ಗೆಳತಿ ಸ್ಲೈಡಿನ ಮೇಲೆ ಕಡ್ಡಿ ಆಡಿಸುತ್ತ ಹೇಳಿದ್ದನ್ನೂ ಆಮೇಲೆ ನಾನು ಓದಿಕೊಂಡದ್ದನ್ನೂ ಸೇರಿಸಿ ಹೇಳುತ್ತೇನೆ. ಎಲ್‌ಡಿಎಲ್ ಕಣ ಒಳಪೊರೆಯನ್ನು ದಾಟಿ ಗೋಡೆಯೊಳಗೆ ಹೋಗುವುದು ಎಲ್ಲರಲ್ಲೂ ನಡೆಯುತ್ತಲೇ ಇರುತ್ತದೆ. ರಕ್ತದಲ್ಲಿ ಹೆಚ್ಚಿದ್ದಷ್ಟೂ ಒಳಹೋಗುವುದು ಹೆಚ್ಚು. ಪೊರೆಯ ಅಡಿಯಲ್ಲಿ ಸಕ್ಕರೆ ಎಳೆಗಳು ಬೆಸೆದ ಪ್ರೋಟೀನುಗಳ ಒಂದು ಜಾಲವಿದೆ. ಎಲ್‌ಡಿಎಲ್ ಕಣಕ್ಕೆ ಸುತ್ತಿಕೊಂಡ ಪ್ರೋಟೀನು ಆ ಜಾಲಕ್ಕೆ ಉತ್ರಾಣಿ ಕಾಯಿ ಸೀರೆಗೆ ಹತ್ತಿದ ಹಾಗೆ ಹತ್ತಿಕೊಳ್ಳುತ್ತದೆ. ಎಲ್ಲ ಶುರುವಾಗುವುದು ಹೀಗೆ ಸಿಕ್ಕಿಕೊಂಡು ಉಳಿಯುವುದರಿಂದ. ಹಾಗೆ ಕೂತ ಕಣ ನಿಧಾನಕ್ಕೆ ಕೆಡುತ್ತದೆ, ಕೊಬ್ಬರಿ ಕಮಟು ಹಿಡಿಯುವ ಹಾಗೆ. ಇದು ನನ್ನ ಹೋಲಿಕೆ ಮಾತ್ರವಲ್ಲ, ಎರಡೂ ಕಡೆ ನಡೆಯುವುದು ಆಕ್ಸಿಡೇಷನ್ನೇ.

ಕೆಟ್ಟ ಕಣದ ವಾಸನೆ ಮೊದಲು ಹತ್ತುವುದು ಆ ಒಂದು ಸಾಲಿನ ಒಳಪೊರೆಗೆ. ಸಾಮಾನ್ಯವಾಗಿ ಅದರ ಮೈ ನುಣುಪು, ಬಿಳಿ ಕೋಶಗಳು ಜಾರಿಕೊಂಡು ಹೋಗುತ್ತವೆ. ಈಗ ಅದು ತನ್ನ ಮೈಮೇಲೆ ಕೊಕ್ಕೆಗಳನ್ನು ಹೊರಹಾಕುತ್ತದೆ. ವಿಕ್ಯಾಮ್-1 ಎಂದು ಆ ಕೊಕ್ಕೆಯ ಹೆಸರು. ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ ನೋಡಿದಾಗ ಒಂದು ವಾರದಲ್ಲೇ, ಗೋಡೆಯೊಳಗೆ ಒಂದು ಮ್ಯಾಕ್ರೋಫೇಜ್ ಕೂಡ ಕೂಡುವ ಮೊದಲೇ, ಈ ಕೊಕ್ಕೆ ಕಾಣಿಸಿಕೊಂಡಿತ್ತು. ಒಂದೇ ವಾರ! ನಮ್ಮ ಲ್ಯಾಬಿನ ಯಾವ ಯಂತ್ರಕ್ಕೂ ಅದು ಗೊತ್ತಾಗುವುದಿಲ್ಲ. ತೇಲಿ ಹೋಗುತ್ತಿದ್ದ ಮಾನೊಸೈಟ್ ಆ ಕೊಕ್ಕೆಗೆ ಸಿಕ್ಕಿ, ತಡವರಿಸಿ, ನಿಂತು, ಎರಡು ಕೋಶಗಳ ಸಂದಿಯಲ್ಲಿ ನುಸುಳಿ ಒಳಗಿಳಿಯುತ್ತದೆ. ಮ್ಯಾಕ್ರೋಫೇಜ್ ಆಗಿ ಕೆಟ್ಟ ಎಲ್‌ಡಿಎಲ್ ನುಂಗಲು ಕೂರುತ್ತದೆ.

ಮಾಮೂಲಿ ರಿಸೆಪ್ಟರ್‌ನಲ್ಲಿ ಒಂದು ಶಿಸ್ತಿದೆ. ಕೋಶದ ಹೊಟ್ಟೆ ತುಂಬಿದರೆ ರಿಸೆಪ್ಟರ್ ಕಡಿಮೆಯಾಗುತ್ತದೆ, ಸಾಕು ಎಂದು ಬಾಗಿಲು ಹಾಕಿದ ಹಾಗೆ. ಕೆಟ್ಟ ಎಲ್‌ಡಿಎಲ್ ನುಂಗುವ ಬಾಗಿಲು ಬೇರೆ, ಅದಕ್ಕೆ ಆ ಅಗುಳಿಯೇ ಇಲ್ಲ. ಪಂಕ್ತಿಯಲ್ಲಿ ಕೂತವನು ಎಲೆ ಮೇಲೆ ಕೈ ಅಡ್ಡ ಹಿಡಿಯುವುದನ್ನೇ ಮರೆತ ಹಾಗೆ, ಬಡಿಸುತ್ತಾ ಹೋದರೆ ತಿನ್ನುತ್ತಾ ಹೋಗುತ್ತದೆ. ಒಡಲೆಲ್ಲ ಕೊಬ್ಬಿನ ಹನಿ ತುಂಬಿ ಉಬ್ಬಿ, ಎದ್ದು ಹೋಗಲಾರದೆ ಅಲ್ಲೇ ಉಳಿಯುತ್ತದೆ. ಅದೇ ನೊರೆಕೋಶ. ಇಂಥವು ಸಾವಿರಾರು ಸೇರಿದರೆ ಮಹಾಪಧಮನಿಯನ್ನು ಸೀಳಿ ನೋಡಿದಾಗ ಬರಿಗಣ್ಣಿಗೇ ಹಳದಿ ಗೆರೆಯಾಗಿ ಕಾಣುತ್ತದೆ. ಆಮೇಲಿನದು ವರ್ಷಗಟ್ಟಲೆಯ ಕಥೆ. ಮಧ್ಯದ ಪದರದ ಸ್ನಾಯುಕೋಶಗಳು ಮೇಲಕ್ಕೆ ವಲಸೆ ಬಂದು ನಾರು ನೇಯ್ದು ಮುಚ್ಚಳ ಹಾಕುತ್ತವೆ, ಒಳಗೆ ನೊರೆಕೋಶಗಳು ಸತ್ತು ಗಂಜಿಯಾಗುತ್ತವೆ. ಮುಚ್ಚಳ ತೆಳುವಾಗಿ ಒಂದು ದಿನ ಬಿರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ನಮ್ಮ ಮೋಟ್ರು ಮನೆಯ ರಾತ್ರಿ ಅಂದರೆ ಬಹುಶಃ ಅದು.

"ಇನ್ನೊಂದು ತಮಾಷೆ ಗೊತ್ತಾ?" ಅಂದಳು ಗೆಳತಿ. "ಈ ತೂತಲ್ಲಿ ಕೊಬ್ಬು ಇಲ್ಲ." ಸ್ಲೈಡ್ ಮಾಡುವಾಗ ಅಂಗಾಂಶವನ್ನು ಆಲ್ಕೊಹಾಲ್, ಕ್ಸೈಲೀನ್‌ಗಳಲ್ಲಿ ಅದ್ದಿ ಮೇಣದಲ್ಲಿ ಕೂರಿಸುತ್ತಾರೆ. ಅಷ್ಟರಲ್ಲಿ ಕೊಬ್ಬೆಲ್ಲ ಕರಗಿ ಹೋಗಿರುತ್ತದೆ. ನಾವು ನೊರೆ ಅನ್ನುವುದು ಕೊಬ್ಬು ಇದ್ದ ಜಾಗದ ಗುರುತು. ಕೊಬ್ಬನ್ನೇ ನೋಡಬೇಕೆಂದರೆ ಮೇಣ ಮುಟ್ಟಿಸದೆ, ತುಂಡನ್ನು ಹೆಪ್ಪುಗಟ್ಟಿಸಿ ಕತ್ತರಿಸಿ ಆಯಿಲ್ ರೆಡ್ ಓ ಎನ್ನುವ ಬಣ್ಣ ಹಾಕಬೇಕು. ಅಂಥದ್ದೂ ಒಂದನ್ನು ತೆಗೆದು ತೋರಿಸಿದಳು. ಆರತಿ ತಟ್ಟೆಯ ಓಕುಳಿ ಚೆಲ್ಲಿದ ಹಾಗೆ ಕೆಂಪು. ಇಪ್ಪತ್ತನಾಲ್ಕು ವರ್ಷದವನ ಗೋಡೆ.

ಅವನು ಅಪರೂಪದವನೇನಲ್ಲ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಸೀಳಿ ನೋಡಿ 1953ರಲ್ಲಿ ಪ್ರಕಟಿಸಿದ ವರದಿ ಇದೆ. ಸರಾಸರಿ ವಯಸ್ಸು 22. ನೂರಕ್ಕೆ 77 ಜನರ ಹೃದಯದ ರಕ್ತನಾಳಗಳಲ್ಲಿ ಬರಿಗಣ್ಣಿಗೆ ಕಾಣುವ ಕಾಯಿಲೆಯ ಗುರುತಿತ್ತು. ಹಳದಿ ಗೆರೆ ಮಕ್ಕಳಲ್ಲೂ ಕಾಣುತ್ತದೆ, ಎಲ್ಲವೂ ಬೆಳೆಯುವುದಿಲ್ಲ, ಕೆಲವು ಕರಗಿಯೂ ಹೋಗುತ್ತವೆ. ಯಾವುದು ಉಳಿದು ಬೆಳೆಯುತ್ತದೆ ಎನ್ನುವುದರಲ್ಲಿ ರಕ್ತದ ಎಲ್‌ಡಿಎಲ್ ಎಷ್ಟು, ಎಷ್ಟು ವರ್ಷದಿಂದ ಎನ್ನುವುದರ ಕೈ ದೊಡ್ಡದು. ಬೀಡಿ ಸಿಗರೇಟು, ಬಿಪಿ, ಶುಗರ್ ಅದಕ್ಕೆ ಗೊಬ್ಬರ.

ಮನೆಗೆ ಬಂದ ಮೇಲೆ ಎರಡು ದಿನ ಅಡುಗೆ ಮಾಡುತ್ತ ನನ್ನ ಕುತ್ತಿಗೆ ನಾಡಿ ಮುಟ್ಟಿಕೊಳ್ಳುತ್ತಿದ್ದೆ. ಮಗಳು ಬೈದಳು.

ಕುತ್ತಿಗೆಯ ಸ್ಕ್ಯಾನಿಗೆ ಬರೆದುಕೊಟ್ಟಿದ್ದರು. ತಣ್ಣನೆಯ ಜೆಲ್ ಹಚ್ಚಿ ಯಂತ್ರ ಒತ್ತಿದಾಗ ಪರದೆಯ ಮೇಲೆ ಶಿರಧಮನಿಯ ಗೋಡೆ ಎರಡು ಬಿಳಿ ಗೆರೆಯಾಗಿ ಕಂಡಿತು. ಗೆರೆಗಳ ನಡುವಿನ ದಪ್ಪವನ್ನು ಅಳೆದರು, ವಯಸ್ಸಿಗೆ ಇರಬೇಕಾದದ್ದಕ್ಕಿಂತ ಹೆಚ್ಚು. ಒಂದೇ ನಾಳ ಎರಡಾಗಿ ಕವಲೊಡೆಯುವ ಕಡೆ, ಬಲಗಡೆ, ಸಣ್ಣ ಉಬ್ಬು. ಕವಲಿನಲ್ಲೇ ಯಾಕೆ ಎಂದು ಕೇಳಿದೆ. ತೋಟದಲ್ಲಿ ಬೆಳೆದವಳಿಗೆ ಉತ್ತರ ಅರ್ಧ ಗೊತ್ತಿತ್ತು. ಕಾಲುವೆ ನೆಟ್ಟಗಿರುವ ಕಡೆ ನೀರು ಸದ್ದಿಲ್ಲದೆ ಹೋಗುತ್ತದೆ, ಮಡೆ ತಿರುಗುವ ಕಡೆ ಸುಳಿದು ಬದುವನ್ನು ಕೆರೆಯುತ್ತದೆ. ನಾಳದಲ್ಲೂ ನೇರ ಹರಿವಿರುವ ಕಡೆ ಒಳಪೊರೆಯ ಕೋಶಗಳು ಹರಿವಿನ ದಿಕ್ಕಿಗೆ ಉದ್ದವಾಗಿ ಅಂಗತ್ತ ಮಲಗಿರುತ್ತವೆ, ನೈಟ್ರಿಕ್ ಆಕ್ಸೈಡ್ ಬಿಡುತ್ತ ನಾಳವನ್ನು ಸಡಿಲವಾಗಿ, ನುಣುಪಾಗಿ ಇಡುತ್ತವೆ. ಕವಲಿನಲ್ಲಿ ಹರಿವು ತಡವರಿಸುವುದರಿಂದ ಅಲ್ಲಿನ ಕೋಶಗಳಿಗೆ ದಿಕ್ಕೇ ಇಲ್ಲ. ಸಂದಿ ಸಡಿಲ, ನೈಟ್ರಿಕ್ ಆಕ್ಸೈಡ್ ಕಡಿಮೆ, ಕೊಕ್ಕೆ ಹಾಕಲು ಒಂದು ಕಾಲು ಮುಂದೆ. ಅದೇ ರಕ್ತ, ಅದೇ ಕೊಲೆಸ್ಟ್ರಾಲ್ ಇದ್ದೂ ಒಂದು ಜಾಗ ಕೆಡುತ್ತದೆ, ಬೆರಳಷ್ಟು ಆಚೆ ಇನ್ನೊಂದು ಚೆನ್ನಾಗಿರುತ್ತದೆ.

ಮಾತ್ರೆ ಶುರುವಾಯಿತು. ಅಟಾರ್ವಾಸ್ಟಾಟಿನ್ 40. ಲಿವರ್ ತಾನೇ ಕೊಲೆಸ್ಟ್ರಾಲ್ ತಯಾರಿಸುವ ದಾರಿಯಲ್ಲಿ ಒಂದು ಕಿಣ್ವವನ್ನು ಅದು ತಡೆಯುತ್ತದೆ. ಸರಕು ಕಡಿಮೆಯಾದ ಲಿವರ್ ಇನ್ನಷ್ಟು ರಿಸೆಪ್ಟರ್ ಹುಟ್ಟಿಸಿ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ಈ ಜಾತಿಯ ಮದ್ದಿನ ಮೂಲಪುರುಷ ಸಿಕ್ಕಿದ್ದು ಬೂಷ್ಟಿನಲ್ಲಿ. ಜಪಾನಿನ ಅಕಿರಾ ಎಂಡೊ ಆರು ಸಾವಿರಕ್ಕೂ ಹೆಚ್ಚು ಬಗೆಯ ಸೂಕ್ಷ್ಮಜೀವಿಗಳನ್ನು ಸೋಸಿ, 1973ರಲ್ಲಿ ಹಸಿರು-ನೀಲಿ ಪೆನಿಸಿಲಿಯಂ ಬೂಷ್ಟಿನಿಂದ ಅದನ್ನು ಬೇರ್ಪಡಿಸಿದರು. ಅಟ್ಟದ ಮೇಲಿನ ಕೊಬ್ಬರಿಗೆ ಮಳೆಗಾಲದಲ್ಲಿ ಹಿಡಿಯುವ ಹಸಿರು ಬೂಷ್ಟನ್ನು ಬಟ್ಟೆಯಲ್ಲಿ ತಿಕ್ಕುತ್ತ ಅಮ್ಮನಿಗೆ ಈ ಕಥೆ ಹೇಳಿದೆ. "ಹಂಗಂತ ಇದುನ್ನ ನೆಕ್ಬುಟ್ಟೀಯ" ಅಂದರು ಅಮ್ಮ.

ಮೊದಲ ಎರಡು ವಾರ ತೊಡೆ ನೋಯುತ್ತದೆ ಅನ್ನಿಸಿತು. ಲ್ಯಾಬಿನವಳಾದ್ದರಿಂದ ತಡೆಯಲಾರದೆ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ಸಿಪಿಕೆ ನೋಡಿಕೊಂಡೆ, ಸರಿಯಿತ್ತು. ನೋವೂ ಹೋಯಿತು. ನೋವಿತ್ತೋ, ಮಾತ್ರೆಯ ಚೀಟಿ ಓದಿ ಬಂತೋ ಹೇಳಲಾರೆ. ಎಂಟನೇ ವಾರ ಟೋಟಲ್ 198, ಎಲ್‌ಡಿಎಲ್ 131. ನಾನು ಹಿಗ್ಗಿದೆ. ಡಾಕ್ಟರು ಹಿಗ್ಗಲಿಲ್ಲ. ಗೋಡೆಯಲ್ಲಿ ಉಬ್ಬು ಇರುವವರಿಗೆ ಇದು ಸಾಲದು ಎಂದು ಕರುಳು ಕೊಲೆಸ್ಟ್ರಾಲ್ ಹೀರುವುದನ್ನು ತಡೆಯುವ ಎಝೆಟಿಮೈಬ್ ಸೇರಿಸಿದರು. ಈಗ 98ರ ಆಸುಪಾಸಿನಲ್ಲಿ ಇದೆ, ಇನ್ನೂ ಇಳಿಸಬೇಕು ಅನ್ನುತ್ತಾರೆ. ಏನೂ ನೋವಿಲ್ಲದೆ ದಿನಾ ಮಾತ್ರೆ ನುಂಗುವುದು ಸುಲಭದ ಕೆಲಸ ಅಲ್ಲ. ತಲೆನೋವಿನ ಮಾತ್ರೆಗಾದರೆ ನೋವು ಹೋಯಿತೆಂಬ ಕೂಲಿ ಸಿಗುತ್ತದೆ. ಇಲ್ಲಿ ಅದೂ ಇಲ್ಲ.

ಡಾಕ್ಟರು ಹೇಳಿದ ಇನ್ನೊಂದು ಮಾತು ಮಾತ್ರ ಮಾತ್ರೆಗಿಂತ ಕಹಿ. ಈ ಜೀನ್ ನನ್ನಲ್ಲಿದ್ದರೆ ನನ್ನ ಒಡಹುಟ್ಟಿದವರಲ್ಲಿ, ಮಕ್ಕಳಲ್ಲಿ ಇರುವುದು ಅರ್ಧಕ್ಕರ್ಧ, ನಾಣ್ಯ ಚಿಮ್ಮಿದ ಹಾಗೆ. ಎಲ್ಲರನ್ನೂ ನೋಡಬೇಕು. ಹದಿನಾಲ್ಕರ ಮಗಳ ಟ್ಯೂಬ್ ತಿರುಗುವಾಗ ನಾನು ಕಿಟಕಿ ಕಡೆ ನಿಂತಿದ್ದೆ. ಎಲ್‌ಡಿಎಲ್ 94. ಅವಳಿಗೆ ಬಿದ್ದದ್ದು ಒಳ್ಳೆಯ ಮುಖ.

ಅಣ್ಣ ಒಂದು ವರ್ಷ ಆಟವಾಡಿಸಿದ. ಫೋನ್ ಮಾಡಿದಾಗಲೆಲ್ಲ ಒಂದೇ ರಾಗ. "ಮಾಂಸ ಮುಟ್ಟಿದೋರಲ್ಲ ಕಣಮ್ಮಣ್ಣಿ ನಾವು, ನಮಗೆಲ್ಲಿಂದ ಬಂತು ಕೊಲೆಸ್ಟ್ರಾಲು?" ಕೊಲೆಸ್ಟ್ರಾಲನ್ನು ಬಹುಪಾಲು ಮೈಯೇ ಮಾಡಿಕೊಳ್ಳುತ್ತದೆ, ಊಟದ್ದು ಚಿಲ್ಲರೆ ಎಂದರೆ ನಂಬುವುದಿಲ್ಲ. ತೆಂಗಿನಕಾಯಿಯಲ್ಲಿ ಕೊಲೆಸ್ಟ್ರಾಲ್ ಇಲ್ಲವೇ ಇಲ್ಲ ಎಂದಾಗ ಖುಷಿಪಟ್ಟ. ಆದರೆ ಕೊಬ್ಬರಿ ಎಣ್ಣೆಯ ಬಗೆಯ ಕೊಬ್ಬು ಎಲ್‌ಡಿಎಲ್ ಏರಿಸುತ್ತದೆ ಎಂದ ಕೂಡಲೇ ಸಿಡಿದ. "ತಿಪಟೂರಲ್ಲಿ ಹುಟ್ಟಿ ಕೊಬ್ಬರೀನ ಬೈತೀಯಲ್ಲಾ, ರೇಟು ಬಿದ್ದಿರೋದು ಸಾಲ್ದಾ?" ನಾನು ಬೈದದ್ದು ಕೊಬ್ಬರಿಯನ್ನಲ್ಲ. ಕಾಯಿ ಕಡಿಮೆ ಮಾಡಿದ ಮಾತ್ರಕ್ಕೆ ನಮ್ಮ ಮನೆತನದ 248 ನೂರಕ್ಕೆ ಇಳಿಯುವುದೂ ಇಲ್ಲ. ಆದರೆ ಫೋನಿನಲ್ಲಿ ಎಷ್ಟು ಹೇಳುವುದು.

ಕೊನೆಗೆ ದಾರಿ ತೋರಿಸಿದ್ದು ಅಣ್ಣನ ಮಗ. ಇಲ್ಲೇ ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ, 19 ವರ್ಷ. ಭಾನುವಾರ ಊಟಕ್ಕೆ ಬಂದವನು "ನಂದೂ ನೋಡು ಅತ್ತೆ" ಎಂದು ಮಾರನೆಯ ಬೆಳಗ್ಗೆ ಲ್ಯಾಬಿಗೆ ಬಂದು ಕೂತ. ಎಲ್‌ಡಿಎಲ್ 221. ಅವನ ಮುಂದೆಯೇ ಅತ್ತಿಗೆಗೆ ಫೋನ್ ಮಾಡಿದೆ. ಅವರ ಮೂರು ವರ್ಷದ ಹಿಂದಿನ ರಿಪೋರ್ಟು ನಾನೇ ಮಾಡಿದ್ದದ್ದು, ಅದು ಸರಿಯಿತ್ತು. ತಾಯಿಯಿಂದ ಬಂದಿಲ್ಲವೆಂದರೆ ತಂದೆಯಿಂದ ಬರಬೇಕು.

ಮಗನ ಸುದ್ದಿ ಕೇಳಿದ ಮೂರನೇ ದಿನ ಅಣ್ಣ ಬೆಳಗಿನ ಮೊದಲ ಬಸ್ಸು ಹಿಡಿದು ಬಂದ. ಹೆಗಲ ಮೇಲೆ ಅರ್ಧ ಚೀಲ ಎಳನೀರು. ಮೆಟ್ಟಿಲ ಮೇಲಿದ್ದವರಿಗೆಲ್ಲ ದಾರಿ ಬಿಡಿಸಿಕೊಂಡು ಮೇಲೆ ಬಂದು, ಅಂಗಿ ತೋಳು ಮಡಚಿ, ಮುಖ ಆ ಕಡೆ ತಿರುಗಿಸಿದ. ನನ್ನ ಹಾಗೆಯೇ. ಮಾತಾಡಿಸುತ್ತ ಅವನ ಪಾದ ನೋಡಿದೆ. ಹಿಮ್ಮಡಿಯ ಮೇಲೆ ಗಂಟು. ಕಣ್ಣು ನೋಡಿದೆ. ಮೂವತ್ತು ವರ್ಷದಿಂದ ಆ ಬಳೆ ನನ್ನೆದುರಿಗೇ ಇತ್ತು, ಅಪ್ಪನ ಹೋಲಿಕೆ ಎಂದು ಎಲ್ಲರೂ ಕೊಂಡಾಡುತ್ತಿದ್ದೆವು.

ಸೆಂಟ್ರಿಫ್ಯೂಜ್ ನಿಂತಿತು. ಅಣ್ಣ ಕೌಂಟರಿನ ಒಳಗೇ ಬಂದು ಭುಜದ ಹಿಂದೆ ನಿಂತಿದ್ದ. ಟ್ಯೂಬ್ ತೆಗೆದೆ. ಕೈ ಚಾಳಿ ಬಿಡದೆ ಲೈಟಿನ ಕಡೆ ಎತ್ತಿತು.

"ನೋಡು, ಹೆಂಗೈತೆ! ಎಳನೀರಂಗೆ ತಿಳಿಯಾಗೈತೆ" ಅಂದ. "ನಾನು ಹೇಳ್ಲಿಲ್ವಾ?"

"ಹೂಂ ಅಣ್ಣ" ಎಂದು ಟ್ಯೂಬಿಗೆ ಅವನ ಹೆಸರು, 49 ಎಂದು ವಯಸ್ಸು ಬರೆದು ಸ್ಟ್ಯಾಂಡಿಗೆ ಇಟ್ಟು, ಪೈಪೆಟ್ ಕೈಗೆತ್ತಿಕೊಂಡೆ.